ಹಳೆಯ ಭೂಪಟಗಳಲ್ಲಿ ಹೊನ್ನಾವರ ಸೀಮೆ ಮತ್ತು ನವಭಾರತ

ಪೀಠಿಕೆ
ಇಡಗುಂಜಿಯು ಉತ್ತರ ಕನ್ನಡ ಜಿಲ್ಲೆಯ ಹೊನ್ನಾವರ ತಾಲ್ಲೂಕಿಗೆ ಸೇರಿದೆ. ಈ ಸೀಮೆಯ ಹಳೆಯ ನಕ್ಷೆಗಳ ಶಿರೋನಾಮೆಯಲ್ಲಿ ಮದ್ರಾಸ್, ಮುಂಬಯಿ ಅಥವಾ ಮೈಸೂರು ಎಂಬ ಹೆಸರು ಕಂಡುಬರುವುದುಂಟು. ನಕಲು ಪಡೆಯುವ ಸಾರ್ವಜನಿಕರು ಇದರ ಹಿನ್ನೆಲೆಯನ್ನು ಅರಿತಿರುವುದು ಅವಶ್ಯಕ.

ಆಡಳಿತದ ಬದಲಾವಣೆಗಳು
- 1799: ಟಿಪ್ಪು ಸುಲ್ತಾನನ ಪತನಾನಂತರ ಕೆನರಾ ಪ್ರದೇಶವು ಈಸ್ಟ್ ಇಂಡಿಯಾ ಕಂಪನಿಯ ವಶವಾಗಿ, ಮದ್ರಾಸ್ ಆಡಳಿತಕ್ಕೆ ಒಳಪಟ್ಟಿತು.
- 1862: ಉತ್ತರ ಕೆನರಾವನ್ನು ಮುಂಬಯಿ ಪ್ರಾಂತಕ್ಕೆ ವರ್ಗಾಯಿಸಲಾಯಿತು. ಆ ಕಾಲದಲ್ಲಿ ಭಟ್ಕಳವು ಹೊನ್ನಾವರ ತಾಲ್ಲೂಕಿನ ಪೇಟಾ ಆಗಿತ್ತು.
- 1956ರ ನವೆಂಬರ್ 1: ರಾಜ್ಯ ಪುನರ್ವಿಂಗಡಣೆಯಂತೆ ಜಿಲ್ಲೆಯು ಮೈಸೂರು ರಾಜ್ಯಕ್ಕೆ ಸೇರಿತು.
- 1973ರ ನವೆಂಬರ್ 1: ರಾಜ್ಯಕ್ಕೆ ಕರ್ನಾಟಕ ಎಂಬ ಹೆಸರು ಬಂದಿತು.

ಹೊಸ ಗಣರಾಜ್ಯದ ಚಿತ್ರಣ
1950ರಿಂದ 1956ರವರೆಗಿನ ಭೂಪಟಗಳು ಗಣರಾಜ್ಯದ ಆರಂಭದ ಸ್ಥಿತಿಯನ್ನು ತೋರಿಸುತ್ತವೆ. ಆಗ ಹೊನ್ನಾವರ, ಕುಮಟಾಗಳು ಮುಂಬಯಿ ರಾಜ್ಯದಲ್ಲಿಯೂ, ಘಟ್ಟದ ಮೇಲಿನ ಸಾಗರವು ಮೈಸೂರು ರಾಜ್ಯದಲ್ಲಿಯೂ, ದಕ್ಷಿಣದ ಕುಂದಾಪುರವು ಮದ್ರಾಸ್ ರಾಜ್ಯದಲ್ಲಿಯೂ ಇದ್ದವು. ಒಂದೇ ಭಾಷೆಯನ್ನಾಡುವ ನೆರೆಹೊರೆಯ ಊರುಗಳು ಹೀಗೆ ಮೂರು ರಾಜ್ಯಗಳಿಗೆ ಹಂಚಿಹೋಗಿದ್ದವು. ಜಿಲ್ಲೆಯ ಉತ್ತರದ ಅಂಚಿನಲ್ಲಿದ್ದ ಗೋವೆಯು 1961ರ ಡಿಸೆಂಬರ್‌ವರೆಗೆ ಪೋರ್ಚುಗೀಸರ ಅಧೀನದಲ್ಲಿದ್ದುದರಿಂದ ಅಲ್ಲಿನ ಗಡಿಯು ವಿದೇಶೀ ಆಡಳಿತದ ಗಡಿಯಾಗಿತ್ತು. 1956ರ ನಂತರ ಸಾಗರ ಹಾಗೂ ಕುಂದಾಪುರದ ಕಡೆಯ ರಾಜ್ಯಗಡಿಗಳು ಕೇವಲ ಜಿಲ್ಲಾ ಗಡಿಗಳಾದವು.

ಸ್ಥಳನಾಮಗಳು
ಯುರೋಪಿಯನ್ನರ ಹಳೆಯ ಬರಹ ಹಾಗೂ ಭೂಪಟಗಳಲ್ಲಿ ಹೊನ್ನಾವರವು ಓನೋರ್, ಭಟ್ಕಳವು ಬಟಿಕಾಲ, ಕುಮಟಾವು ಕೂಂಪ್ಟಾ ಎಂಬ ರೂಪಗಳಲ್ಲಿ ದೊರೆಯುತ್ತವೆ. ಹೆಸರು ಭಿನ್ನವಾದ ಮಾತ್ರಕ್ಕೆ ಊರು ಬೇರೆಯೆಂದು ಭಾವಿಸಬಾರದು.

ಗ್ರಾಮ ನಕಾಶೆ
ರಾಜ್ಯದ ಭೂಪಟಕ್ಕೂ ಗ್ರಾಮ ನಕಾಶೆಗೂ ವ್ಯತ್ಯಾಸವಿದೆ. ಮುಂಬಯಿ ಭೂಮಾಪನ ಪದ್ಧತಿಯಲ್ಲಿ 33 ಅಡಿ ಉದ್ದದ ಸರಪಳಿಯಿಂದ ಅಳತೆ ಮಾಡಲಾಗುತ್ತಿತ್ತು. ಒಂದು ಸರಪಳಿ ಚೌಕವು 1 ಗುಂಟೆ, ಅಂದರೆ 1,089 ಚದರ ಅಡಿ. 40 ಗುಂಟೆಗೆ 1 ಎಕರೆ. ಗ್ರಾಮ ನಕಾಶೆಯ ವಾಡಿಕೆಯ ಪ್ರಮಾಣವು 1:7,920, ಅಂದರೆ 1 ಅಂಗುಲಕ್ಕೆ 660 ಅಡಿ.

ಅರ್ಜಿದಾರರ ಗಮನಕ್ಕೆ
1. ನಕ್ಷೆಯ ವರ್ಷ, ಶಿರೋನಾಮೆ ಹಾಗೂ ಪ್ರಮಾಣವನ್ನು ಮೊದಲು ಪರಿಶೀಲಿಸತಕ್ಕದ್ದು.
2. ಮುಂಬಯಿ ಎಂದು ನಮೂದಾಗಿರುವ ಕಾರಣಕ್ಕಾಗಿಯೇ ಹಳೆಯ ಗ್ರಾಮ ನಕಾಶೆಯನ್ನು ಅನ್ಯರಾಜ್ಯದ್ದೆಂದು ತಳ್ಳಿಹಾಕುವಂತಿಲ್ಲ. ಅದನ್ನು ಇಂದಿನ ಸರ್ವೆ ಹಾಗೂ ಹಿಸ್ಸಾ ನಂಬರುಗಳೊಂದಿಗೆ ತಾಳೆ ನೋಡಬೇಕು.
3. ನಕಾಶೆಯು ಜಮೀನಿನ ಸ್ಥಾನ ಮತ್ತು ಆಕಾರವನ್ನು ತೋರಿಸುತ್ತದೆ. ಅದೊಂದೇ ಮಾಲೀಕತ್ವಕ್ಕೆ ಆಧಾರವಾಗುವುದಿಲ್ಲ. ಪಹಣಿ, ಹಕ್ಕು ಬದಲಾವಣೆ ದಾಖಲೆ ಹಾಗೂ ನೋಂದಾಯಿತ ಪತ್ರಗಳನ್ನೂ ಪರಿಶೀಲಿಸಬೇಕು.
4. ಗ್ರಾಮ ನಕಾಶೆ ಹಾಗೂ ಟಿಪ್ಪಣಿಯ ನಕಲಿಗಾಗಿ ತಾಲ್ಲೂಕಿನ ಭೂದಾಖಲೆಗಳ ಸಹಾಯಕ ನಿರ್ದೇಶಕರ ಕಚೇರಿಯನ್ನು ಸಂಪರ್ಕಿಸಬಹುದು. ಐತಿಹಾಸಿಕ ದಾಖಲೆಗಳನ್ನು ಅರಸುವವರು ಬೆಂಗಳೂರಿನ ರಾಜ್ಯ ಪತ್ರಾಗಾರದೊಂದಿಗೆ, ಆಯಾ ಆಡಳಿತದ ಅವಧಿಗೆ ಅನುಗುಣವಾಗಿ ಮುಂಬಯಿ ಮತ್ತು ಚೆನ್ನೈ ಪತ್ರಾಗಾರಗಳಲ್ಲಿಯೂ ವಿಚಾರಿಸುವುದು ಸೂಕ್ತ.