ಕೊಚ್ಚೆಗೆ ಹೆಪ್ಪು ಹಾಕಿದ ಕಥೆ



ಹಾಲು ಮೊಸರಾಗಬೇಕಾದರೆ ನಿನ್ನೆಯ ಮೊಸರಿನಲ್ಲಿ ಒಂದಿಷ್ಟು ಹೆಪ್ಪಿಗೆಂದು ಉಳಿಸಿಕೊಳ್ಳಬೇಕು. ಇದನ್ನು ನಮ್ಮ ತಾಯಂದಿರಿಗೆ ಯಾರೂ ಹೇಳಿಕೊಡಬೇಕಾಗಿಲ್ಲ. ಪಟ್ಟಣದ ಕೊಚ್ಚೆ ನೀರನ್ನು ತಿಳಿಮಾಡುವ ಉಪಾಯವೂ ಇಂಥದೇ. ಆದರೆ ಅದು ಕೈಗೆ ಹತ್ತಿದ್ದು 1914ನೇ ಇಸವಿಯ ಹೊತ್ತಿಗೆ.

ಇಂಗ್ಲೆಂಡಿನ ಮ್ಯಾಂಚೆಸ್ಟರ್ ಗಿರಣಿಗಳ ಊರು. ಅಷ್ಟು ಜನರ ಕೊಚ್ಚೆಯನ್ನು ಏನು ಮಾಡುವುದೆಂಬುದೇ ಅಲ್ಲಿ ದೊಡ್ಡ ಚಿಂತೆಯಾಗಿತ್ತು. ಗಿಲ್ಬರ್ಟ್ ಫೌಲರ್ ಎಂಬ ರಸಾಯನಶಾಸ್ತ್ರಜ್ಞರು 1912ರಲ್ಲಿ ಅಮೆರಿಕದ ಲಾರೆನ್ಸ್ ಊರಿನಲ್ಲಿ ಕೊಚ್ಚೆಗೆ ಗಾಳಿ ಊದುವ ಪ್ರಯೋಗ ನೋಡಿಬಂದರು. ಅವರ ಸಲಹೆಯಂತೆ ಎಡ್ವರ್ಡ್ ಆರ್ಡರ್ನ್, ವಿಲಿಯಂ ಲಾಕೆಟ್ ಎಂಬಿಬ್ಬರು ಬಾಟಲಿಗಳಲ್ಲಿ ಕೊಚ್ಚೆ ತುಂಬಿ ಗಾಳಿ ಊದಿದರು. ಮೊದಲ ಸಲ ಶುದ್ಧಿಯಾಗಲು ಸುಮಾರು 5 ವಾರ ಹಿಡಿಯಿತು. ಆಗ ಅವರು ಮೇಲಿನ ತಿಳಿ ಬಸಿದು, ತಳದ ಗಸಿಯನ್ನು ಚೆಲ್ಲದೆ, ಅದರ ಮೇಲೇ ಹೊಸ ಕೊಚ್ಚೆ ಸುರಿದರು. ಹೀಗೆ ಮತ್ತೆ ಮತ್ತೆ ಮಾಡಿದಂತೆ ಗಸಿ ಹೆಚ್ಚಿತು, ವಾರಗಳ ಕೆಲಸ ಒಂದು ದಿನಕ್ಕಿಳಿಯಿತು. ಗಸಿಯೇ ಹೆಪ್ಪಾಗಿತ್ತು!

ಆ ಗಸಿಯಲ್ಲಿರುವುದು ಕಣ್ಣಿಗೆ ಕಾಣದ ಬ್ಯಾಕ್ಟೀರಿಯಾ. ಗಾಳಿ ಸಿಕ್ಕರೆ ಅವು ಹೊಲಸು ತಿಂದು ಬೆಳೆಯುತ್ತವೆ. ಅಂಟು ಸುರಿಸಿ ಒಂದಕ್ಕೊಂದು ಕಚ್ಚಿ ಹಿಂಡುಗಟ್ಟುತ್ತವೆ. ನೀರು ನಿಂತರೆ ಆ ಹಿಂಡು ತಳಕ್ಕಿಳಿಯುತ್ತೆ, ಮೇಲೆ ತಿಳಿನೀರು ನಿಲ್ಲುತ್ತೆ. ಆದರೆ ನೂಲಿನಂತೆ ಉದ್ದ ಬೆಳೆಯುವ ಜಾತಿ ಮಿತಿಮೀರಿದರೆ ಗಸಿ ಹಿಂಜಿದ ಅರಳೆಯಂತೆ ಉಬ್ಬಿ, ತಳ ಸೇರದೆ, ನೀರಿನೊಡನೆ ಹರಿದುಹೋಗುತ್ತದೆ.

ಫೌಲರ್ ಸಾಹೇಬರು 1916ರಲ್ಲಿ ನಮ್ಮ ಬೆಂಗಳೂರಿಗೇ ಬಂದರು. ಜನ ಟಾಟಾ ಇನ್‌ಸ್ಟಿಟ್ಯೂಟ್ ಎನ್ನುವ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಪ್ರಾಧ್ಯಾಪಕರಾದರು. ಕೊಚ್ಚೆಯಲ್ಲಿ ಪೋಲಾಗುವ ಸಾರಜನಕ ಮತ್ತೆ ಮಣ್ಣು ಸೇರಬೇಕೆಂಬುದು ಅವರ ಹಂಬಲ.

ಈ ಕಥೆ ನಮಗೇಕೆ ಎನ್ನುವಿರಾ? 2018ರಿಂದ ಬೆಂಗಳೂರಿನ ಶುದ್ಧಿಮಾಡಿದ ಕೊಚ್ಚೆ ನೀರು ಕೋಲಾರದ ಕೆರೆಗಳನ್ನು ತುಂಬುತ್ತಿದೆ. ಆ ನೀರಿನ ಗುಣ ಈ ಜೀವಿಗಳ ದುಡಿಮೆಯ ಮೇಲೆ ನಿಂತಿದೆ. ಗಸಿಯೂ ಒಳ್ಳೆಯ ಗೊಬ್ಬರವೇ. ಆದರೆ ಹಸಿಯಾಗಿ ಹೊಲಕ್ಕೆ ಹಾಕಬೇಡಿ. ಅದರಲ್ಲಿ ಜಂತುಹುಳುವಿನ ಮೊಟ್ಟೆ, ರೋಗಾಣು ಉಳಿದಿರುತ್ತವೆ. ಚೆನ್ನಾಗಿ ಕಾವೇರಿ ಕಳಿತದ್ದನ್ನೇ ಬಳಸಿ. ಹಸಿಯಾಗಿ ತಿನ್ನುವ ಸೊಪ್ಪು, ತರಕಾರಿಯ ಮಡಿಗೆ ಬೇಡ. ಕಾರ್ಖಾನೆಯ ನೀರು ಬೆರೆತಿದ್ದರೆ ಪರೀಕ್ಷೆ ಮಾಡಿಸದೆ ಮುಟ್ಟಲೇಬೇಡಿ. ಸೀಸ, ಕ್ಯಾಡ್ಮಿಯಂನಂಥ ಲೋಹವನ್ನು ಯಾವ ಬ್ಯಾಕ್ಟೀರಿಯಾವೂ ತಿಂದು ತೀರಿಸಲಾರದು. ಅದು ಗಸಿಯಲ್ಲೇ ಉಳಿದು ನಿಮ್ಮ ಮಣ್ಣು ಸೇರುತ್ತದೆ.