ಕೂಡಿದಂತೆ ಕಾಣುವ ಗೆರೆಗಳು

ಗಣಕದಲ್ಲಿ ರಸ್ತೆಯ ವಿನ್ಯಾಸ ಮಾಡುವವರನ್ನು ಆಗಾಗ ಕಾಡುವ ಒಂದು ತೊಂದರೆಯನ್ನು ನೋಡಿ. ರಸ್ತೆಯಂಚಿನ ಎರಡು ಗೆರೆಗಳು ತೆರೆಯ ಮೇಲೆ ಅಚ್ಚುಕಟ್ಟಾಗಿ ಕೂಡಿವೆ. ಆದರೆ ಅವು ಸುತ್ತುವರಿದ ಜಾಗದ ವಿಸ್ತೀರ್ಣ ಕೇಳಿದರೆ, ಆಕೃತಿ ಮುಚ್ಚಿಕೊಂಡಿಲ್ಲ ಎಂದು ತಂತ್ರಾಂಶ ತಕರಾರು ತೆಗೆಯುತ್ತದೆ. ಆ ಸಂಧಿಯನ್ನು ಸಾವಿರ ಪಟ್ಟು ಹಿಗ್ಗಿಸಿದಾಗ ಕೂದಲೆಳೆಯಂಥ ಬಿರುಕು ಕಾಣುತ್ತದೆ. ಗೆರೆ ಎಳೆದವರ ಕೈ ನಡುಗಿತೆ? ಅಷ್ಟೇ ಆಗಿದ್ದರೆ ಇಲ್ಲಿ ಬರೆಯುವಂಥದ್ದೇನೂ ಇರಲಿಲ್ಲ. ಬಿರುಕಿನ ಬೇರು ಹಳೆಯದು.

1963ರಲ್ಲಿ ಅಮೆರಿಕದ ಎಂ.ಐ.ಟಿ.ಯಲ್ಲಿ ಇವಾನ್ ಸದರ್ಲೆಂಡ್ ತಮ್ಮ ಡಾಕ್ಟರೇಟ್ ಪ್ರಬಂಧಕ್ಕಾಗಿ 'ಸ್ಕೆಚ್‌ಪ್ಯಾಡ್' ಎಂಬ ಕ್ರಮವಿಧಿಯನ್ನು ರಚಿಸಿದರು. ಲಿಂಕನ್ ಪ್ರಯೋಗಾಲಯದ ಟಿಎಕ್ಸ್-2 ಗಣಕದ ತೆರೆಯ ಮೇಲೆ ಬೆಳಕಿನ ಲೇಖನಿಯಿಂದ ಗೆರೆ ಎಳೆಯಬಹುದಾಗಿತ್ತು. ಲೇಖನಿಯನ್ನು ಹಿಡಿದ ಕೈ ಒಂದಿಷ್ಟು ಅತ್ತಿತ್ತ ಆಗಿಯೇ ಆಗುತ್ತದೆ. ಆದ್ದರಿಂದ ಲೇಖನಿ ಒಂದು ಬಿಂದುವಿನ ಹತ್ತಿರ ಬಂದರೆ ಸಾಕು, ಗಣಕವು ಅದನ್ನು ಆ ಬಿಂದುವಿಗೇ ಸೆಳೆದು ಕೂರಿಸುತ್ತಿತ್ತು. ಇಂದು ನಾವು 'ಸ್ನ್ಯಾಪ್' ಎಂದು ಕರೆಯುವ ಸೌಲಭ್ಯದ ಮೊದಲ ರೂಪ ಇದು. ಇಲ್ಲೊಂದು ಸೂಕ್ಷ್ಮವಿದೆ. ಸ್ಕೆಚ್‌ಪ್ಯಾಡಿನಲ್ಲಿ ಕೂಡಿದ ಎರಡು ಗೆರೆಗಳಿಗೆ ಇದ್ದದ್ದು ಒಂದೇ ಬಿಂದು. ಬಿಂದುವನ್ನು ಸರಿಸಿದರೆ ಎರಡೂ ಗೆರೆಗಳು ಜೊತೆಗೇ ಸರಿಯುತ್ತಿದ್ದವು. ಮುಂದೆ ಮಾರುಕಟ್ಟೆಗೆ ಬಂದ ನಕ್ಷೆ ತಂತ್ರಾಂಶಗಳಲ್ಲಿ ಹೆಚ್ಚಿನವು ಪ್ರತಿ ಗೆರೆಯ ತುದಿಗಳ ನಿರ್ದೇಶಾಂಕಗಳನ್ನು ಬೇರೆ ಬೇರೆಯಾಗಿ ಬರೆದಿಟ್ಟವು. ಅಲ್ಲಿ ಸ್ನ್ಯಾಪ್ ಮಾಡುವುದೆಂದರೆ ಸಂಖ್ಯೆಯನ್ನು ನಕಲು ಮಾಡುವುದು, ಅಷ್ಟೆ. ನಕಲಾದ ಮೇಲೆ ಒಂದು ಗೆರೆಯನ್ನು ಸರಿಸಿದರೆ ಇನ್ನೊಂದಕ್ಕೆ ಅದರ ಸುದ್ದಿಯೇ ಇಲ್ಲ! ನನ್ನ ದೃಷ್ಟಿಯಲ್ಲಿ ಇದು ವೇಗಕ್ಕಾಗಿ ತೆತ್ತ ದುಬಾರಿ ಬೆಲೆ.

ಇನ್ನು ಆ ಸಂಖ್ಯೆಗಳ ವಿಚಾರ. ಮೈಕ್ರೋಸ್ಟೇಷನ್ ತಂತ್ರಾಂಶದ ಕಡತಗಳು 2001ರಲ್ಲಿ ಅದರ ಎಂಟನೆಯ ಆವೃತ್ತಿ ಬರುವವರೆಗೆ ನಿರ್ದೇಶಾಂಕಗಳನ್ನು 32 ಬಿಟ್‌ಗಳ ಪೂರ್ಣಾಂಕಗಳಾಗಿ ಇಡುತ್ತಿದ್ದವು. ಅಂದರೆ ಒಂದು ಅಕ್ಷದಲ್ಲಿ ಇರಬಹುದಾದ ಒಟ್ಟು ಸ್ಥಾನಗಳು 4,29,49,67,296. ನಿಮ್ಮ ಅತಿ ಚಿಕ್ಕ ಮಾನ 0.1 ಮಿ.ಮೀ. ಆದರೆ ಇಡೀ ಹಾಳೆಯ ಉದ್ದ ಸುಮಾರು 429 ಕಿ.ಮೀ. ಮಾತ್ರ. ಬೆಂಗಳೂರು ಸಮಭಾಜಕ ವೃತ್ತದಿಂದ ಸುಮಾರು 1,435 ಕಿ.ಮೀ. ಉತ್ತರಕ್ಕಿದೆ, ಸಮಭಾಜಕದಿಂದ ಅಳೆದ ನಿರ್ದೇಶಾಂಕ ಆ ಹಾಳೆಯಲ್ಲಿ ಹಿಡಿಸುವುದೇ ಇಲ್ಲ. ಆದ್ದರಿಂದ ಮೂಲಬಿಂದುವನ್ನೇ ಸರಿಸಿಕೊಳ್ಳಬೇಕಾಗಿತ್ತು. ಇಬ್ಬರು ಬೇರೆ ಬೇರೆಯಾಗಿ ಸರಿಸಿಕೊಂಡರೆ ಇಬ್ಬರ ನಕ್ಷೆಯೂ ತಂತಮ್ಮ ಮಟ್ಟಿಗೆ ಸರಿ, ಜೋಡಿಸಿದಾಗ ತಪ್ಪು.

1985ರ ಐಇಇಇ 754 ಮಾನಕದ ಪ್ರಕಾರ ಫ್ಲೋಟಿಂಗ್ ಪಾಯಿಂಟ್ ಸಂಖ್ಯೆಗಳಲ್ಲಿ ಎರಡು ಮುಖ್ಯ ಬಗೆ. ಒಂದರ ನಿಖರತೆ 24 ಬಿಟ್, ಇನ್ನೊಂದರದು 53 ಬಿಟ್. ಬೆಂಗಳೂರಿನ 14,35,000 ಮೀಟರನ್ನೇ ತೆಗೆದುಕೊಳ್ಳಿ. ಇದು 2ರ 20ನೆಯ ಮತ್ತು 21ನೆಯ ಘಾತಗಳ ನಡುವೆ ಬರುತ್ತದೆ. 24 ಬಿಟ್‌ಗಳಲ್ಲಿ ಇದರ ಪಕ್ಕದ ಸಂಖ್ಯೆ 12.5 ಸೆಂ.ಮೀ. ದೂರದಲ್ಲಿರುತ್ತದೆ, ನಡುವೆ ಏನೂ ಇಲ್ಲ. 53 ಬಿಟ್‌ಗಳಲ್ಲಾದರೆ ಆ ಅಂತರ ಒಂದು ನ್ಯಾನೋಮೀಟರಿನ ಕಾಲುಭಾಗಕ್ಕೂ ಕಡಿಮೆ, ಪರಮಾಣುವಿನ ಗಾತ್ರದ ಆಸುಪಾಸು. ಕಡತದಲ್ಲಿ 53 ಬಿಟ್ ಇದ್ದರೂ ತೆರೆಯ ಮೇಲೆ ಚಿತ್ರ ಮೂಡಿಸುವ ಗ್ರಾಫಿಕ್ಸ್ ಕಾರ್ಡ್ ಸಾಮಾನ್ಯವಾಗಿ 24 ಬಿಟ್‌ಗಳಲ್ಲೇ ಲೆಕ್ಕ ಹಾಕುತ್ತದೆ. ತಂತ್ರಾಂಶವು ಹತ್ತಿರದ ಒಂದು ಬಿಂದುವನ್ನು ಮೊದಲೇ ಕಳೆದು ಕೊಡದಿದ್ದರೆ ಹಿಗ್ಗಿಸಿದ ಗೆರೆಗಳು ನಡುಗತೊಡಗುತ್ತವೆ. ಆಗ ನಕ್ಷೆಯನ್ನು ತಿದ್ದಲು ಹೋಗಬೇಡಿ! ಎರಡು ತುದಿಗಳ ನಿರ್ದೇಶಾಂಕಗಳನ್ನು ಅಂಕಿಗಳಲ್ಲೇ ಓದಿ ಹೋಲಿಸಿ.

1995ರ ಮೈಕ್ರೋಸ್ಟೇಷನ್ ಆವೃತ್ತಿಯಲ್ಲಿ 'ಅಕ್ಯುಡ್ರಾ' ಎಂಬ ಸಾಧನ ಬಂತು. ಕೊನೆಯ ಬಿಂದುವಿನ ಮೇಲೆ ಒಂದು ದಿಕ್ಸೂಚಿ ಕೂರುತ್ತದೆ. ಅಲ್ಲಿಂದ ದೂರವನ್ನೂ ಕೋನವನ್ನೂ ಕೀಲಿಮಣೆಯಲ್ಲಿ ಒತ್ತಿದರಾಯಿತು. ಇದು ಕೈಕೊಟ್ಟಂತೆ ಕಾಣುವುದು ಹೆಚ್ಚಾಗಿ ಎರಡು ಸಂದರ್ಭಗಳಲ್ಲಿ: ಒತ್ತಿದ ಕೀಲಿ ಬೇರೆ ಕಿಟಕಿಗೆ ಹೋಗಿರುತ್ತದೆ, ಇಲ್ಲವೇ ದಿಕ್ಸೂಚಿ ಹಿಂದಿನ ಗೆರೆಯ ದಿಕ್ಕಿಗೇ ತಿರುಗಿ ನಿಂತಿರುತ್ತದೆ. ಮೂರು ಆಯಾಮದ ನಕ್ಷೆಯಲ್ಲಿ ಇನ್ನೊಂದು ಮೋಸವಿದೆ. ಸ್ನ್ಯಾಪ್ ಮಾಡಿದ ಬಿಂದುವಿನ ಎತ್ತರವೂ ಜೊತೆಗೇ ಬರುತ್ತದೆ. ಮೇಲಿನಿಂದ ನೋಡಿದರೆ ಗೆರೆಗಳು ಕೂಡಿವೆ, ಪಕ್ಕದಿಂದ ನೋಡಿದರೆ ಒಂದು ಮೇಲೆ, ಒಂದು ಕೆಳಗೆ.

ಮಾನದ ವಿಷಯದಲ್ಲಿ ಅಮೆರಿಕದ ಕಥೆ ಸ್ವಾರಸ್ಯಕರ. 1959ರಲ್ಲಿ ಅಡಿಯನ್ನು 0.3048 ಮೀ. ಎಂದು ನಿಗದಿಪಡಿಸಿದರೂ ಭೂಮಾಪನಕ್ಕೆ ಮಾತ್ರ ಹಳೆಯ ಅಡಿ, ಅಂದರೆ ಒಂದು ಮೀಟರಿನ 1200/3937 ಭಾಗ, ಉಳಿದುಕೊಂಡಿತು. ವ್ಯತ್ಯಾಸ ಹತ್ತು ಲಕ್ಷಕ್ಕೆ ಎರಡು. ಆದರೆ ಮೂಲಬಿಂದುವಿನಿಂದ 20 ಲಕ್ಷ ಅಡಿ ದೂರದಲ್ಲಿ ಅದೇ ನಾಲ್ಕು ಅಡಿ! ಈ ಹಳೆಯ ಅಡಿಗೆ ಅಧಿಕೃತವಾಗಿ ವಿದಾಯ ಹೇಳಿದ್ದು 2022ರ ಕೊನೆಗೆ.

ಜರ್ಮನಿ ಮತ್ತು ಸ್ವಿಟ್ಜರ್ಲೆಂಡ್‌ಗಳ ನಡುವೆ ರೈನ್ ನದಿಗೆ ಲೌಫೆನ್‌ಬುರ್ಗ್‌ನಲ್ಲಿ ಸೇತುವೆ ಕಟ್ಟುವಾಗ ನಡೆದದ್ದೂ ಇದೇ ಜಾತಿಯದು. ಎರಡು ದೇಶಗಳು ಸಮುದ್ರಮಟ್ಟವನ್ನು ಬೇರೆ ಬೇರೆ ಸಮುದ್ರಗಳಿಂದ ಅಳೆಯುವುದರಿಂದ 27 ಸೆಂ.ಮೀ. ವ್ಯತ್ಯಾಸವಿದೆ. ಅದು ಎಲ್ಲರಿಗೂ ಗೊತ್ತಿತ್ತು. ಆದರೆ ಕೂಡಬೇಕಾದಲ್ಲಿ ಕಳೆದರು. ಅಂತರ 54 ಸೆಂ.ಮೀ. ಆಯಿತು. 2003ರಲ್ಲಿ ತಪ್ಪು ಪತ್ತೆಯಾಗಿ, ಸೇತುವೆ 2004ರಲ್ಲಿ ಪೂರ್ತಿಯಾಯಿತು.

ಹಾಗಾದರೆ ಬಿರುಕು ಕಂಡಾಗ ಏನು ಮಾಡಬೇಕು? ಪ್ರಯೋಗಾಲಯದಲ್ಲಿ ಮಾಡುವಂತೆ ಒಂದಲ್ಲ, ದೂರದೂರದ ಎರಡು ಮೂರು ಕಡೆ ಅದನ್ನು ಅಳೆಯಿರಿ. ಎಲ್ಲೆಡೆ ಒಂದೇ ಆಗಿದ್ದರೆ ಮೂಲಬಿಂದುವನ್ನು ಸಂಶಯಿಸಿ. ದೂರದೊಂದಿಗೆ ಬೆಳೆಯುತ್ತಿದ್ದರೆ ಮಾನ ಅಥವಾ ಪ್ರಮಾಣದ ದೋಷ. ಬೆಂಗಳೂರಿನಲ್ಲಿ ಇದು ಬರಿಯ ಊಹೆಯಲ್ಲ. ಯುಟಿಎಂ ಪ್ರಕ್ಷೇಪದಲ್ಲಿ ನಗರವು 75 ಡಿಗ್ರಿ ರೇಖಾಂಶದ ನಡುಗೆರೆಯಿಂದ ಸುಮಾರು 281 ಕಿ.ಮೀ. ಪೂರ್ವಕ್ಕಿದೆ. ನೆಲದ ಒಂದು ಕಿಲೋಮೀಟರು ನಕ್ಷೆಯಲ್ಲಿ ಪ್ರಕ್ಷೇಪದಿಂದ ಸುಮಾರು 57 ಸೆಂ.ಮೀ. ಹಿಗ್ಗುತ್ತದೆ, ಊರಿನ 900 ಮೀ. ಎತ್ತರದಿಂದಾಗಿ 14 ಸೆಂ.ಮೀ. ಕುಗ್ಗುತ್ತದೆ, ಉಳಿಯುವುದು 43 ಸೆಂ.ಮೀ. ಟೋಟಲ್ ಸ್ಟೇಷನ್ ಉಪಕರಣ ಅಳೆಯುವುದು ನೆಲದ ದೂರವನ್ನು. ಹತ್ತು ಕಿಲೋಮೀಟರಿಗೆ ನಾಲ್ಕು ಮೀಟರಿಗೂ ಹೆಚ್ಚು ವ್ಯತ್ಯಾಸವಾದರೆ ಮೋರಿಯ ಜಾಗವೇ ತಪ್ಪುತ್ತದೆ. ಕೋಲಾರದ ಕಡೆ ಹೋಗುವ ರಸ್ತೆಗೆ ಇನ್ನೊಂದು ತೊಡಕು: 78 ಡಿಗ್ರಿ ದಾಟಿದೊಡನೆ ವಲಯ 43 ಮುಗಿದು 44 ಶುರುವಾಗುತ್ತದೆ, ಪೂರ್ವದ ನಿರ್ದೇಶಾಂಕ ಒಮ್ಮೆಲೇ ಸುಮಾರು 650 ಕಿ.ಮೀ. ಹಿಂದಕ್ಕೆ ಜಿಗಿಯುತ್ತದೆ. ಈ ಜಿಗಿತ ಯಾರ ಕಣ್ಣಿಗಾದರೂ ಬೀಳುತ್ತದೆ. ಇಡೀ ರಸ್ತೆಗೆ ಒಂದೇ ವಲಯವನ್ನು ಬಳಸಿದರೆ ಅದು ಪರಿಹಾರವೂ ಆಗುತ್ತದೆ. ಆ 43 ಸೆಂ.ಮೀ. ಮಾತ್ರ ಕಣ್ಣಿಗೆ ಬೀಳುವುದಿಲ್ಲ. ಪ್ರಮಾಣಾಂಕವನ್ನು ನಕ್ಷೆಯ ಮೂಲೆಯಲ್ಲೇ ಬರೆದಿಡಬೇಕು.