ಶ್ವಾಸಕೋಶದ ಸರ್ಫ್ಯಾಕ್ಟಂಟ್: ಸಂಶೋಧನೆಯ ಇತಿಹಾಸ

ಸರ್ಫ್ಯಾಕ್ಟಂಟ್ ಎಂಬುದು ಶ್ವಾಸಕೋಶದ ವಾಯುಕೋಶಗಳ ಒಳಮೈಯನ್ನು ಆವರಿಸಿರುವ, ಲಿಪಿಡ್ ಮತ್ತು ಪ್ರೋಟೀನುಗಳ ತೆಳುವಾದ ಲೇಪ. ವಾಯುಕೋಶದ ಒಳಗೋಡೆ ಸದಾ ತೇವವಾಗಿರುತ್ತದೆ. ಆ ದ್ರವದ ಮೇಲ್ಮೈ ಎಳೆತ ವಾಯುಕೋಶವನ್ನು ಕುಗ್ಗಿಸುತ್ತಿರುತ್ತದೆ. ಸೋಪು ನೀರಿನ ಮೇಲ್ಮೈ ಎಳೆತವನ್ನು ತಗ್ಗಿಸುವಂತೆ ಸರ್ಫ್ಯಾಕ್ಟಂಟ್ ಈ ಎಳೆತವನ್ನು ತಗ್ಗಿಸಿ, ಉಸಿರು ಬಿಟ್ಟಾಗ ವಾಯುಕೋಶಗಳು ಮುಚ್ಚಿಕೊಳ್ಳದಂತೆ ಕಾಯುತ್ತದೆ.

ಗರ್ಭದಲ್ಲಿ ಬೆಳವಣಿಗೆ

ಶ್ವಾಸಕೋಶ ಮೂಡತೊಡಗುವುದು ಭ್ರೂಣದ 4ನೆಯ ವಾರದಲ್ಲಿ. ಸರ್ಫ್ಯಾಕ್ಟಂಟ್ ಸ್ರವಿಸುವ ‘ಎರಡನೆಯ ಬಗೆ’ಯ ಜೀವಕೋಶಗಳು ಸುಮಾರು 24ನೆಯ ವಾರಕ್ಕೆ ಕೆಲಸ ಆರಂಭಿಸುತ್ತವೆ, ಆದರೆ ಉಸಿರಾಟಕ್ಕೆ ಸಾಕಾಗುವಷ್ಟು ಸರ್ಫ್ಯಾಕ್ಟಂಟ್ ಸಿದ್ಧವಾಗಲು ಸುಮಾರು 35 ವಾರ ಬೇಕು. ಅದಕ್ಕೂ ಮುಂಚೆ ಹುಟ್ಟಿದ ಶಿಶುಗಳಲ್ಲಿ ಹಲವು ಪ್ರತಿ ಉಸಿರಿಗೂ ಹೆಣಗಬೇಕಾಗುತ್ತದೆ.

ಆರಂಭದ ಸುಳಿವುಗಳು

1929ರಲ್ಲಿ ಕುರ್ಟ್ ಫಾನ್ ನೀರ್‌ಗಾರ್ಡ್ ಹಂದಿಯ ಶ್ವಾಸಕೋಶವನ್ನು ಒಮ್ಮೆ ಗಾಳಿಯಿಂದ, ಒಮ್ಮೆ ದ್ರವದಿಂದ ಉಬ್ಬಿಸಿ ನೋಡಿದ. ದ್ರವ ತುಂಬಲು ಬೇಕಾದ ಒತ್ತಡ ಬಹಳ ಕಡಿಮೆ. ಶ್ವಾಸಕೋಶ ಕುಗ್ಗಲು ಅದರ ಅಂಗಾಂಶಕ್ಕಿಂತ ಮೇಲ್ಮೈ ಎಳೆತವೇ ಹೆಚ್ಚು ಕಾರಣವೆಂದು ಇದರಿಂದ ತಿಳಿಯಿತು. ನವಜಾತ ಶಿಶುವಿನ ಮೊದಲ ಉಸಿರಿಗೂ ಇದು ಸಂಬಂಧಿಸಿರಬಹುದೆಂದು ಆತ ಸೂಚಿಸಿದ್ದರೂ ಅದು ಹೆಚ್ಚಿನವರ ಗಮನಕ್ಕೆ ಬರಲಿಲ್ಲ.

ವಿಷಯ ಮತ್ತೆ ಮುನ್ನೆಲೆಗೆ ಬಂದದ್ದು ಮಿಲಿಟರಿ ಪ್ರಯೋಗಾಲಯಗಳಿಂದ. ಇಂಗ್ಲೆಂಡಿನ ಪೋರ್ಟನ್ ಡೌನ್‌ನಲ್ಲಿದ್ದ ರಿಚರ್ಡ್ ಪ್ಯಾಟಲ್, ಶ್ವಾಸಕೋಶದ ನೊರೆಯ ಗುಳ್ಳೆಗಳು ಬೇಗ ಒಡೆಯದಿರುವುದನ್ನು 1955ರಲ್ಲಿ ವರದಿ ಮಾಡಿದ. ಅಮೆರಿಕದ ಸೈನ್ಯದ ರಾಸಾಯನಿಕ ಕೇಂದ್ರದಲ್ಲಿದ್ದ ಜಾನ್ ಕ್ಲೆಮೆಂಟ್ಸ್, ವಾಯುಕೋಶಗಳ ಲೇಪವನ್ನು ಅದುಮಿದಷ್ಟೂ ಮೇಲ್ಮೈ ಎಳೆತ ಇಳಿಯುವುದನ್ನು 1957ರಲ್ಲಿ ಅಳೆದು ತೋರಿಸಿದ.

ಕೊರತೆಯ ರೋಗ

ದಿನ ತುಂಬದೆ ಹುಟ್ಟಿ ಉಸಿರುಗಟ್ಟಿ ಸತ್ತ ಶಿಶುಗಳ ಶ್ವಾಸಕೋಶದಲ್ಲಿ ಗಾಜಿನಂಥ ಪೊರೆ ಕಾಣುತ್ತಿತ್ತು. ಆದ್ದರಿಂದ ಅವರ ಕಾಯಿಲೆಗೆ ಹೈಯಲೈನ್ ಪೊರೆ ರೋಗವೆಂಬ ಹೆಸರು ಬಂದಿತ್ತು. 1959ರಲ್ಲಿ ಬಾಸ್ಟನ್ನಿನ ಮೇರಿ ಎಲೆನ್ ಏವರಿ ಮತ್ತು ಜೆರೆ ಮೀಡ್ ಇಂಥ ಶ್ವಾಸಕೋಶಗಳ ಸಾರದಲ್ಲಿ ಮೇಲ್ಮೈ ಎಳೆತ ಸಾಕಷ್ಟು ತಗ್ಗುವುದಿಲ್ಲವೆಂದು ಕಂಡುಕೊಂಡರು. ಪೊರೆಯು ರೋಗದ ಪರಿಣಾಮವಷ್ಟೇ. ಮೂಲ ಕಾರಣ ಸರ್ಫ್ಯಾಕ್ಟಂಟ್ ಕೊರತೆ.

ಕಾರಣ ತಿಳಿದರೂ ಮದ್ದಿರಲಿಲ್ಲ. 1963ರ ಆಗಸ್ಟ್‌ನಲ್ಲಿ ಅಮೆರಿಕದ ಅಧ್ಯಕ್ಷ ಜಾನ್ ಎಫ್. ಕೆನಡಿಯವರ ಮಗ ಪ್ಯಾಟ್ರಿಕ್ ಇದೇ ರೋಗದಿಂದ ಎರಡು ದಿನ ತುಂಬುವ ಮೊದಲೇ ತೀರಿಕೊಂಡ.

ಚಿಕಿತ್ಸೆ

ನ್ಯೂಜಿಲೆಂಡಿನ ಗ್ರಹಾಂ ಲಿಗಿನ್ಸ್, ಕಾರ್ಟಿಕೋಸ್ಟೆರಾಯ್ಡ್ ಪಡೆದು ಅವಧಿಗೆ ಮೊದಲೇ ಹುಟ್ಟಿದ ಕುರಿಮರಿಗಳು ನಿರೀಕ್ಷೆಗಿಂತ ಹೆಚ್ಚು ಹೊತ್ತು ಉಸಿರಾಡಿದ್ದನ್ನು 1969ರಲ್ಲಿ ವರದಿ ಮಾಡಿದ. ಅವಧಿಪೂರ್ವ ಹೆರಿಗೆಯ ಸಂಭವವಿದ್ದ ತಾಯಂದಿರಿಗೆ ಬೀಟಾಮೆಥಸೋನ್ ಎಂಬ ಕಾರ್ಟಿಕೋಸ್ಟೆರಾಯ್ಡ್ ಕೊಟ್ಟರೆ ಶಿಶುಗಳಲ್ಲಿ ಈ ರೋಗ ಕಡಿಮೆಯಾಗುವುದನ್ನು ಲಿಗಿನ್ಸ್ ಮತ್ತು ರಾಸ್ ಹೌವಿ 1972ರಲ್ಲಿ ಪ್ರಕಟಿಸಿದರು. 1980ರಲ್ಲಿ ಜಪಾನಿನ ತೆತ್ಸುರೊ ಫುಜಿವಾರ ದನದ ಶ್ವಾಸಕೋಶದಿಂದ ತಯಾರಿಸಿದ ಸರ್ಫ್ಯಾಕ್ಟಂಟನ್ನು 10 ಶಿಶುಗಳ ಶ್ವಾಸನಾಳಕ್ಕೆ ನೇರವಾಗಿ ಹಾಕಿ ಫಲ ಕಂಡ. 1990ರಲ್ಲಿ ಅಮೆರಿಕ ಮೊದಲ ಸರ್ಫ್ಯಾಕ್ಟಂಟ್ ಔಷಧಕ್ಕೆ ಅನುಮತಿ ನೀಡಿತು.

ಹಾನಿ ಮತ್ತು ದುರಸ್ತಿ

ಎರಡನೆಯ ಬಗೆಯ ಜೀವಕೋಶಗಳಿಗೆ ಇನ್ನೊಂದು ಹೊಣೆಯೂ ಇದೆ. ವಾಯುಕೋಶದ ಗೋಡೆಗೆ ಪೆಟ್ಟಾದಾಗ ಅವು ವಿಭಜನೆಗೊಂಡು, ಸತ್ತ ತೆಳು ಜೀವಕೋಶಗಳ ಜಾಗ ತುಂಬುತ್ತವೆ. 1967ರಲ್ಲಿ ಡೆನ್ವರ್‌ನ ವೈದ್ಯರು 12 ರೋಗಿಗಳಲ್ಲಿ ವಿವರಿಸಿದ, ಇಂಥ ಪೆಟ್ಟಿನಿಂದಾಗುವ ತೀವ್ರ ಉಸಿರಾಟ ಸಂಕಟದಲ್ಲೂ ಸರ್ಫ್ಯಾಕ್ಟಂಟ್ ಕೆಡುತ್ತದೆ. ಆದರೆ ವಯಸ್ಕರಿಗೆ ಅದನ್ನು ಹೊರಗಿನಿಂದ ಕೊಟ್ಟ ದೊಡ್ಡ ಪ್ರಯೋಗಗಳಲ್ಲಿ ಸಾವು ತಗ್ಗಲಿಲ್ಲ. ಇದಕ್ಕೆ ಕಾರಣವಿದೆ: ದಿನ ತುಂಬದ ಶಿಶುವಿನಲ್ಲಿ ಸರ್ಫ್ಯಾಕ್ಟಂಟ್ ಇನ್ನೂ ಸಾಕಷ್ಟು ತಯಾರಾಗಿರುವುದಿಲ್ಲ. ವಯಸ್ಕರಲ್ಲಿ ಉರಿಯೂತವೂ ಸೋರಿ ಬಂದ ರಕ್ತದ ಪ್ರೋಟೀನುಗಳೂ ಹೊಸದಾಗಿ ಕೊಟ್ಟದ್ದನ್ನೂ ನಿಷ್ಕ್ರಿಯಗೊಳಿಸುತ್ತವೆ.